ಮಾವನವರು ಮೇಲೆ ಹೋದ ಭಾನುವಾರ

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಒಬ್ಬ ಗುಮಾಸ್ತರಿದ್ದರು. ನಲ್ಲಿಯಲ್ಲಿ ನೀರು ಬರುವುದಿಲ್ಲವೆಂಬ ದೂರಾಗಲಿ, ಬಂದ ನೀರು ನಿಲ್ಲುವುದಿಲ್ಲವೆಂಬ ದೂರಾಗಲಿ, ಅದರ ಅಂಚಿನಲ್ಲಿ ‘ಪರಿಶೀಲಿಸಲಾಗುತ್ತಿದೆ’ ಎಂದು ಬರೆದು ಸಹಿ ಹಾಕುವುದು ಅವರ ಕೆಲಸ. ಇಪ್ಪತ್ತೆರಡು ವರ್ಷ ಇದೊಂದೇ ಪದ ಬರೆದದ್ದರಿಂದ ಕಚೇರಿಯಲ್ಲಿ ಅವರ ಹೆಸರೇ ‘ಪರಿಶೀಲನೆ’ ಎಂದಾಗಿತ್ತು. ಅದನ್ನವರು ಬಿರುದೆಂದು ತಿಳಿದಿದ್ದರು. ಹಾಗೆ ತಿಳಿಯುವುದಕ್ಕೆ ಕಾರಣವೂ ಇತ್ತು. ಮನೆಗೊಂದು ಪ್ಲಾಸ್ಟಿಕ್ ಬಕೆಟ್ ಬೇಕಾದಾಗ ಅವರು ನಾಲ್ಕು ತಿಂಗಳು ಹನ್ನೊಂದು ಅಂಗಡಿ ಸುತ್ತಿ, ಹಿಡಿಕೆ ಎಳೆದು, ತಳ ತಟ್ಟಿ, ಬಣ್ಣ ಬಿಡುತ್ತದೆಯೇ ಎಂದು ಉಜ್ಜಿ ನೋಡಿ ಒಂದನ್ನು ತಂದರು. ಅದು ಮೂರನೇ ದಿನ ಸೀಳಿತು. ಯಾಕೆ ಸೀಳಿತೆಂಬುದನ್ನು ಇವತ್ತಿಗೂ ಪರಿಶೀಲಿಸುತ್ತಿದ್ದಾರೆ.

ಇಂಥವರ ಫೋನು ಒಂದು ದಿನ ‘ಜಾಗ ತುಂಬಿದೆ’ ಎಂದಿತು.

ಜಾಗ ತುಂಬಿದ್ದು ಸುಮ್ಮಸುಮ್ಮನೆ ಅಲ್ಲ. ಪರಿಶೀಲನೆಯವರ ಜೊತೆ ಅವರ ಮಾವನವರು ಇದ್ದರು. ಒಂದು ಮುದ್ರಣಾಲಯದಲ್ಲಿ ನಲವತ್ತು ವರ್ಷ ಕರಡು ತಿದ್ದಿ ನಿವೃತ್ತರಾದವರು. ತಿದ್ದುವುದಕ್ಕೆ ಇನ್ನು ಯಾರೂ ಏನೂ ಕೊಡದಿದ್ದಾಗ ಅವರು ಊರನ್ನೇ ತಿದ್ದಲು ಹೊರಟರು. ಬೀದಿ ಬೀದಿ ಸುತ್ತಿ ತಪ್ಪು ಬರೆದ ಬೋರ್ಡು ಹುಡುಕುವುದು, ಅಳಿಯನಿಂದ ಅದರ ಫೋಟೋ ತೆಗೆಸುವುದು. ‘ಹಳೆಯ ಸಾಮಾನು ಕೊಲ್ಲಲಾಗುವುದು.’ ‘ನಾಯಿ ಇದೆ, ಎಚ್ಚರಿಸಿ.’ ‘ನೋವಿನಿಂದ ಹಲ್ಲು ಕೀಳಲಾಗುವುದು.’ ಒಂಬತ್ತು ವರ್ಷದಲ್ಲಿ ಇಂಥ ಸಾವಿರದ ಇನ್ನೂರು ಫೋಟೋ ಆಗಿದ್ದವು. ಇದನ್ನೊಂದು ಪುಸ್ತಕ ಮಾಡಬೇಕೆಂಬುದು ಮಾವನವರ ಆಸೆ. ಅವರ ಹತ್ತಿರ ಫೋನಿಲ್ಲ. ಎಲ್ಲವೂ ಅಳಿಯನ ಫೋನಿನಲ್ಲಿ, ‘ಮಾವನವರು’ ಎಂದು ಹೆಸರಿಟ್ಟ ಕಡತದೊಳಗೆ. ಪಕ್ಕದಲ್ಲೇ ‘ಸೋದರತ್ತೆ’ ಎಂಬ ಇನ್ನೊಂದು ಕಡತ. ಹೆಂಡತಿಯ ಸೋದರತ್ತೆ ದಿನಕ್ಕೆ ಎಂಟರಂತೆ ಕಳಿಸುವ ಶುಭೋದಯದ ಹೂವುಗಳು ಅದರಲ್ಲಿದ್ದವು. ಅಳಿಸಿದರೆ ಆಕೆಗೆ ಹೇಗೋ ಗೊತ್ತಾಗುತ್ತದೆಂದು ಪರಿಶೀಲನೆಯವರ ನಂಬಿಕೆ.

“ರೀ, ಎಲ್ಲರೂ ಕ್ಲೌಡ್‌ನಲ್ಲಿ ಇಡ್ತಾರಂತೆ, ನೀವೂ ಅಲ್ಲೇ ಇಡಿ,” ಎಂದರು ಹೆಂಡತಿ. ಅವರು ಶಾಲೆಯಲ್ಲಿ ಟೀಚರು. “ಆದರೆ ಒಂದು ಮಾತು. ಅಪ್ಪನದು ಒಂದು ಬೋರ್ಡು ಕಳೆದುಹೋದರೂ ನಾನು ಸುಮ್ಮನಿರಲ್ಲ.”

“ಅವಸರ ಮಾಡಬೇಡ. ಪರಿಶೀಲಿಸ್ತೀನಿ,” ಎಂದರು ಪರಿಶೀಲನೆಯವರು.

ಐದು ಆ್ಯಪ್‌ಗಳನ್ನು ಆರಿಸಿಕೊಂಡು ಅವುಗಳಿಗೆ ಒಂದರಿಂದ ಐದರವರೆಗೆ ನಂಬರು ಕೊಟ್ಟರು. ಉದ್ದ ಪುಸ್ತಕದಲ್ಲಿ ಸ್ಕೇಲಿಟ್ಟು ಗೆರೆ ಎಳೆದರು. ಎಷ್ಟು ಜಾಗ ಕೊಡುತ್ತದೆ, ಎಷ್ಟು ಬೇಗ ಒಯ್ಯುತ್ತದೆ, ಒಯ್ದದ್ದನ್ನು ಮರಳಿ ಕೊಡುತ್ತದೆಯೇ, ಕಂಪನಿ ಮುಚ್ಚಿಹೋದರೆ ಯಾರನ್ನು ಕೇಳಬೇಕು, ಬಣ್ಣ ಕಣ್ಣಿಗೆ ಹಿತವಾಗಿದೆಯೇ. ಕಚೇರಿಯ ಕಂಪ್ಯೂಟರ್ ಆಪರೇಟರ್ ಹುಡುಗಿ ಇಣುಕಿ ನೋಡಿ, “ಸರ್, ಯಾವುದಾದರೂ ಒಂದು ಹಾಕ್ಕೊಳ್ಳಿ, ಎಲ್ಲಾ ಒಂದೇ,” ಎಂದಳು. ಪರಿಶೀಲನೆಯವರು ಅವಳನ್ನು ಕನಿಕರದಿಂದ ನೋಡಿದರು. ಎಲ್ಲಾ ಬಕೆಟ್ಟೂ ಒಂದೇ ಎನ್ನುವ ಜಾತಿಯವಳು.

ಎರಡನೇ ನಂಬರಿನ ಸಹಾಯವಾಣಿಗೆ ಖುದ್ದಾಗಿ ಫೋನು ಮಾಡಿದರು.

“ನಮ್ಮ ಫೋಟೋಗಳನ್ನ ನೀವು ಎಲ್ಲಿ ಇಡ್ತೀರಮ್ಮಾ?”

“ಕ್ಲೌಡ್‌ನಲ್ಲಿ ಸರ್.”

“ಅದು ಗೊತ್ತು. ವಿಳಾಸ ಹೇಳಿ.”

“ಸರ್, ಅದು ಬೇರೆ ಬೇರೆ ದೇಶದಲ್ಲಿ ಇರುತ್ತೆ.”

“ನಮ್ಮ ಮಾವನವರನ್ನ ಬೇರೆ ಬೇರೆ ದೇಶದಲ್ಲಿ ಇಟ್ಟರೆ ನಾವು ಹುಡುಕೋದೆಲ್ಲಿ?”

ಆ ಕಡೆಯಾಕೆ ತನ್ನ ಮೇಲಧಿಕಾರಿಗೆ ಕೊಡುತ್ತೇನೆಂದು ಹೇಳಿ ಸಂಗೀತ ಹಾಕಿದಳು. ಪರಿಶೀಲನೆಯವರು ಊಟದ ಬಿಡುವು ಮುಗಿಯುವವರೆಗೆ ಸಂಗೀತ ಕೇಳಿ, ‘ಸಂಗೀತ ಪರವಾಗಿಲ್ಲ’ ಎಂದು ಪುಸ್ತಕದಲ್ಲಿ ಬರೆದುಕೊಂಡರು.

ಹೀಗೆ ಐದು ವಾರ ಕಳೆಯಿತು. ಅಷ್ಟರಲ್ಲಿ ಅವರಿಗೆ ಊರಲ್ಲೆಲ್ಲ ಹೆಸರು ಬಂದಿತ್ತು. ಅಂದರೆ ಹೆಸರು ಬಂದಿದೆಯೆಂದು ಅವರು ತಿಳಿದಿದ್ದರು. ತಾವಿದ್ದ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ, “ಒಂದು ಮುಖ್ಯ ಅಧ್ಯಯನ ನಡೀತಿದೆ, ಮುಗಿದ ಕೂಡಲೆ ತಿಳಿಸ್ತೀನಿ,” ಎನ್ನುತ್ತಿದ್ದರು. ಕೇಳಿದವರು ತಲೆಯಾಡಿಸಿ ತಮ್ಮ ಮಹಡಿ ಬಂದ ಕೂಡಲೆ ಇಳಿದು ಹೋಗುತ್ತಿದ್ದರು. ಏನು ಅಧ್ಯಯನವೆಂದು ಒಬ್ಬರೂ ಕೇಳಲಿಲ್ಲ. ಮುಂದೆ ಆದದ್ದಕ್ಕೆಲ್ಲ ಇದೇ ಮೂಲ.

ಕೊನೆಗೊಂದು ಭಾನುವಾರ ನಾಲ್ಕನೇ ನಂಬರು ಗೆದ್ದಿತು. ಹೆಂಡತಿಗೆ ಅವತ್ತು ಯಾವುದೋ ಪರೀಕ್ಷೆಯ ಮೇಲ್ವಿಚಾರಣೆ. ಅಲ್ಲಿ ಫೋನು ಬಂದ್ ಮಾಡಿ ಪೆಟ್ಟಿಗೆಯಲ್ಲಿ ಹಾಕಬೇಕು. ಮಾವನವರು ಬೋರ್ಡು ನೋಡಲು ಹೊರಗೆ ಹೋಗಿದ್ದರು. ಮನೆ ಶಾಂತವಾಗಿತ್ತು. ಪರಿಶೀಲನೆಯವರು ಮೇಜಿನ ಮೇಲೆ ಬಟ್ಟೆ ಹಾಸಿ ಅದರ ಮೇಲೆ ಫೋನಿಟ್ಟು ಬಟನ್ ಒತ್ತಿದರು. ನೀಲಿ ಗೆರೆಯೊಂದು ತೆವಳತೊಡಗಿತು. ಅರ್ಧಕ್ಕೆ ಬಂದು ನಿಂತಿತು. ಅವರ ಎದೆಯೂ ನಿಂತಿತು. ಮತ್ತೆ ಒತ್ತಿದರು, ಎರಡೂ ಹೊರಟವು. ಹತ್ತು ನಲವತ್ತಕ್ಕೆ ‘ಎಲ್ಲವೂ ಮೇಲೆ ಹೋಗಿದೆ, ಇಲ್ಲಿರುವುದನ್ನು ಅಳಿಸಲೇ?’ ಎಂದು ಫೋನು ಕೇಳಿತು. ಅಳಿಸು ಎಂದರು. ಜೀವಮಾನದಲ್ಲಿ ಮೊದಲ ಬಾರಿ ಒಂದು ಪರಿಶೀಲನೆ ಮುಗಿದಿತ್ತು.

ಇಂಥ ಸಂತೋಷವನ್ನು ಒಬ್ಬರೇ ಇಟ್ಟುಕೊಳ್ಳಲಾಗುತ್ತದೆಯೇ? ನೆಂಟರ ಗುಂಪಿಗೂ ಕಟ್ಟಡದ ಗುಂಪಿಗೂ ಒಂದೇ ಸಂದೇಶ ಹಾಕಿದರು:

‘ಮಾವನವರು ಇಂದು ಬೆಳಿಗ್ಗೆ 10.40ಕ್ಕೆ ಮೇಲೆ ಹೋದರು. ಒಟ್ಟು ಎರಡು ಗಂಟೆ ಹಿಡಿಯಿತು. ನಡುವೆ ಒಮ್ಮೆ ನಿಂತಿತ್ತು. ಈಗ ಬೇಕಾದಷ್ಟು ಜಾಗ ಆಗಿದೆ. ನಾಳೆ ಸೋದರತ್ತೆಯವರನ್ನು ಕಳಿಸುತ್ತೇನೆ. ಆಮೇಲೆ ಉಳಿದವರನ್ನೂ ಒಬ್ಬೊಬ್ಬರಾಗಿ. ನೋಡಬೇಕೆನ್ನುವವರು ಮನೆಗೆ ಬರಬಹುದು.’

ಫೋನು ಹೊಸದಾಗಿ ಶುರುವಾಗಲು ಅಪ್ಪಣೆ ಕೇಳಿತು. ಕೊಟ್ಟರು. ಅದು ಕತ್ತಲಾಯಿತು. ಬರುವವರಿಗೆ ಅನುಕೂಲವಾಗಲೆಂದು ಮುಂಬಾಗಿಲು ತೆರೆದಿಟ್ಟು, ಐದು ವಾರದ ದಣಿವು ತೊಳೆದುಹೋಗುವಂತೆ ಸ್ನಾನಕ್ಕೆ ಕೂತರು.

ಮೊದಲು ಬಂದವರು ಕಟ್ಟಡದ ಸಂಘದ ಕಾರ್ಯದರ್ಶಿ. ಸಂಘದಲ್ಲಿ ನಲವತ್ತು ಪ್ಲಾಸ್ಟಿಕ್ ಕುರ್ಚಿಗಳಿದ್ದು, ಅವನ್ನು ಬಳಸುವ ಸಂದರ್ಭವೇ ಬಾರದೆಂದು ಕಾರ್ಯದರ್ಶಿಗೆ ಬಹಳ ದಿನದ ಕೊರಗು. ಹತ್ತೇ ನಿಮಿಷದಲ್ಲಿ ಲಿಫ್ಟಿಗೊಂದು ನೋಟೀಸು ಅಂಟಿತು, ಪರಿಶೀಲನೆಯವರ ಹಜಾರದಲ್ಲೂ ಹೊರಗಿನ ಓಣಿಯಲ್ಲೂ ಕುರ್ಚಿಗಳು ಸಾಲಾದವು. ಜನ ಬಂದು ಮೆಲ್ಲಗೆ ಕೂತರು. ಎರಡನೇ ಮಹಡಿಯ ಪೊಲೀಸಪ್ಪ ರಜೆಯಲ್ಲಿದ್ದರೂ ಗೌರವಕ್ಕೆಂದು ಟೋಪಿ ಹಾಕಿಕೊಂಡು ಬಂದರು. ಯಾರೋ ದೊಡ್ಡ ಹೂವಿನ ಹಾರ ತಂದಿದ್ದರು. ಹಾಕಬೇಕಾದವರು ಕಾಣದ್ದರಿಂದ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಬಚ್ಚಲಿನಿಂದ ನೀರು ಸುರಿಯುವ ಸದ್ದು, ಅದರ ನಡುವೆ ರಾಗವಾದ ಒಂದು ದನಿ.

“ಪಾಪ, ನಲ್ಲಿ ಬಿಟ್ಟುಕೊಂಡು ಅಳ್ತಿದಾರೆ,” ಎಂದರು ಕಾರ್ಯದರ್ಶಿ. “ಯಾರಿಗೂ ಕೇಳಿಸಬಾರದು ಅಂತ. ದೊಡ್ಡ ಮನುಷ್ಯ.”

ದೊಡ್ಡ ಮನುಷ್ಯರು ಟವೆಲ್ ಹೆಗಲಿಗೆ ಹಾಕಿಕೊಂಡು ಗುನುಗುತ್ತ ಹೊರಗೆ ಬಂದರು. ತುಂಬಿದ ಹಜಾರ ನೋಡಿ ಅವರ ಮುಖ ಅರಳಿತು. ಕ್ಲೌಡ್ ಸಂಗ್ರಹದ ಬಗ್ಗೆ ಸಾರ್ವಜನಿಕರಿಗೆ ಇಷ್ಟೊಂದು ಕಾಳಜಿ ಇದೆಯೆಂದು ಅವರು ಎಣಿಸಿರಲಿಲ್ಲ.

“ಬಂದ್ರಾ! ಸಂತೋಷ, ಬಹಳ ಸಂತೋಷ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುಃಖ ತಲೆಗೇರಿದೆ ಎಂದು ಕಾರ್ಯದರ್ಶಿ ಕಣ್ಣಲ್ಲೇ ಎಲ್ಲರಿಗೂ ತಿಳಿಸಿ, ಎದ್ದು ಅವರ ಕೈ ಹಿಡಿದುಕೊಂಡರು.

“ಹೇಗಾಯ್ತು ಸರ್?”

“ಬಹಳ ಸುಲಭ. ನೀವೂ ಮಾಡಬಹುದು. ಮೊದಲು ಕೈ ಸ್ವಲ್ಪ ನಡುಗುತ್ತೆ. ಧೈರ್ಯ ಮಾಡಿ ಒತ್ತಿಬಿಡಬೇಕು, ಅಷ್ಟೆ.”

ಕಾರ್ಯದರ್ಶಿ ಹಿಡಿದಿದ್ದ ಕೈಯನ್ನು ಬಿಟ್ಟರು. “ಒತ್ತಿದ್ರಾ?”

“ಒಂದೇ ಬೆರಳಲ್ಲಿ. ಅರ್ಧಕ್ಕೆ ಬಂದು ನಿಂತುಬಿಡ್ತು. ಹಾಗೇ ಬಿಟ್ಟರೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಅಂತ ಆಗುತ್ತೆ ನೋಡಿ. ಅದಕ್ಕೆ ಮತ್ತೆ ಒತ್ತಿದೆ. ಆಮೇಲೆ ಸಲೀಸಾಗಿ ಹೋದರು.”

ಪೊಲೀಸಪ್ಪ ಮೆಲ್ಲಗೆ ಜೇಬಿನಿಂದ ನೋಟುಪುಸ್ತಕ ತೆಗೆದರು. “ಇದನ್ನ ಯಾವಾಗಿನಿಂದ ಯೋಚನೆ ಮಾಡ್ತಿದ್ರಿ?”

“ಐದು ವಾರದಿಂದ,” ಎಂದರು ಪರಿಶೀಲನೆಯವರು ಹೆಮ್ಮೆಯಿಂದ. “ಐದು ದಾರಿ ಇತ್ತು. ಒಂದೊಂದನ್ನೂ ಕೂಲಂಕಷವಾಗಿ ನೋಡಿ, ಪುಸ್ತಕದಲ್ಲಿ ಬರೆದು, ಕೊನೆಗೆ ನಾಲ್ಕನೆಯದನ್ನ ಆರಿಸಿಕೊಂಡೆ. ಪುಸ್ತಕ ಬೇಕಾದರೆ ಕೊಡ್ತೀನಿ.”

“ಕೊಡಿ. ಮನೆಯವರಿಗೆ ಗೊತ್ತಿತ್ತಾ?”

“ಅವಳೇ ತಾನೆ ಹೇಳಿದ್ದು!”

ಪೊಲೀಸಪ್ಪನ ಪೆನ್ನು ಓಡಿತು. “ಈಗ ದೇಹ ಎಲ್ಲಿ?”

ಫೋನನ್ನು ಕೇಳುತ್ತಿದ್ದಾರೆಂದು ಪರಿಶೀಲನೆಯವರು ಮೇಜು ತೋರಿಸಿದರು. “ಇದರಲ್ಲಿ ಇನ್ನೇನೂ ಇಲ್ಲ. ಅಳಿಸಿಬಿಟ್ಟೆ. ಮೇಲೆ ಹೋಗಿದ್ದು ಖಾತ್ರಿ ಆದಮೇಲೆ ಇಲ್ಲಿ ಇಟ್ಟುಕೊಂಡು ಏನು ಮಾಡೋದು ಹೇಳಿ? ಜಾಗಕ್ಕೆ ದಂಡ.”

ಮುಂದಿನ ಸಾಲಿನವರು ಕುರ್ಚಿಗಳನ್ನು ಸದ್ದಾಗದಂತೆ ಹಿಂದಕ್ಕೆ ಎಳೆದುಕೊಂಡರು.

ಅದೇ ಹೊತ್ತಿಗೆ ಮಾವನವರು ಕೆಳಗೆ ಲಿಫ್ಟಿನ ಮುಂದೆ ನಿಂತಿದ್ದರು. ನೋಟೀಸಿನಲ್ಲಿ ‘302ನೇ ಮನೆಯ ದುಃಖದಲ್ಲಿ ಸಂಘವು ಬಾಗಿಯಾಗಿದೆ. ಬಾವಪೂರ್ಣ ಶ್ರದ್ದಾಂಜಲಿ’ ಎಂದಿತ್ತು. 302 ಎಂದರೆ ತಮ್ಮದೇ ಮನೆ ಎಂದು ಅವರಿಗೆ ಹೊಳೆಯಿತು. ಆದರೂ ಸಂಘವು ಬಾಗಿದ್ದನ್ನು ನೆಟ್ಟಗೆ ಮಾಡಿ, ‘ಭಾವ’ಕ್ಕೂ ‘ಶ್ರದ್ಧೆ’ಗೂ ಉಸಿರು ಸೇರಿಸಿ, ಪೆನ್ನು ಜೇಬಿಗಿಟ್ಟ ಮೇಲೇ ಅವರು ಲಿಫ್ಟು ಹತ್ತಿದ್ದು. ಮಗಳು ಪರೀಕ್ಷೆಗೆ ಹೋಗಿದ್ದಾಳೆ. ಹಾಗಾದರೆ ಅಳಿಯ! ಬೆಳಿಗ್ಗೆ ಚೆನ್ನಾಗಿಯೇ ಇದ್ದರಲ್ಲ!

ಓಣಿಯಲ್ಲಿ ಚಪ್ಪಲಿ ಬಿಟ್ಟು, ಕತ್ತು ಚಾಚಿ ಒಳಗೇ ನೋಡುತ್ತಿದ್ದವರ ಗಮನಕ್ಕೆ ಬಾರದೆ ಒಳಗೆ ಬಂದು, ಎಲ್ಲರ ಬೆನ್ನ ಹಿಂದೆ ಖಾಲಿಯಿದ್ದ ಕೊನೆಯ ಕುರ್ಚಿಯಲ್ಲಿ ಕೂತರು. ಜನರ ತಲೆಗಳ ನಡುವೆ ಅಳಿಯ ಕೈ ಬೀಸಿ ಮಾತಾಡುತ್ತಿರುವುದು ಕಾಣಿಸಿತು. ಉಸಿರು ಬಂತು. ಪಕ್ಕದಲ್ಲಿ ಹಾರ ಹಿಡಿದು ಕೂತಿದ್ದ ಹೆಂಗಸನ್ನು ಕೇಳಿದರು:

“ಯಾರಮ್ಮಾ ಹೋದದ್ದು?”

“ಈ ಮನೆಯ ಹಿರಿಯರಂತೆ. ಅವರ ಮಾವ. ನಾನು ಮೊನ್ನೆ ತಾನೆ ಬಾಡಿಗೆಗೆ ಬಂದವಳು, ನೋಡಿರಲಿಲ್ಲ. ಬಹಳ ಒಳ್ಳೆಯವರಾಗಿದ್ದರಂತೆ.”

“ಯಾರು ಹಾಗಂದವರು?” ಎಂದು ಮಾವನವರು ಆಸಕ್ತಿಯಿಂದ ಕೇಳಿದರು.

ಅಷ್ಟರಲ್ಲಿ ಬಾಗಿಲಲ್ಲಿ ಕೂಗೆದ್ದಿತು. ಸೋದರತ್ತೆ ಟ್ಯಾಕ್ಸಿ ಹಿಡಿದು ಬಂದಿದ್ದರು. ನೇರವಾಗಿ ಹಜಾರದ ನಡುವೆ ನುಗ್ಗಿ ಪರಿಶೀಲನೆಯವರ ಎದುರು ಸೊಂಟಕ್ಕೆ ಕೈಯಿಟ್ಟು ನಿಂತರು.

“ಏನ್ರೀ ಅಳಿಯಂದ್ರೇ, ನಾಳೆ ನನ್ನನ್ನ ಕಳಿಸ್ತೀರಂತೆ? ನಾಳೆ ತನಕ ಯಾಕೆ ಕಾಯ್ತೀರಿ, ಬಂದಿದೀನಿ, ಕಳಿಸಿ! ನಮ್ಮಣ್ಣನ್ನ ನುಂಗಿ ನೀರು ಕುಡಿದ್ರಲ್ಲ, ನನ್ನದೊಂದು ಲೆಕ್ಕಾನಾ?”

“ನೀವು ಬರಬೇಕಾಗಿರಲಿಲ್ಲ ಅತ್ತೆ,” ಎಂದರು ಪರಿಶೀಲನೆಯವರು ವಿನಯದಿಂದ. “ನೀವು ಎಲ್ಲಿದ್ದರೂ ಇಲ್ಲಿಂದಲೇ ಕಳಿಸಬಹುದು. ಹೂವುಗಳೇ ಹೆಚ್ಚು ಇರೋದರಿಂದ ಬೇಗ ಆಗುತ್ತೆ.”

ಹೂವಿನ ಮಾತು ಕೇಳಿ ಸೋದರತ್ತೆ ಕುಸಿದು ಕೂರಲು ಕುರ್ಚಿ ಹುಡುಕುತ್ತ ತಿರುಗಿದರು. ಕೊನೆಯ ಸಾಲಿನಲ್ಲಿ ಅಣ್ಣ ಕೂತಿದ್ದರು. ಆಕೆ ಕಿರುಚಿದ ರಭಸಕ್ಕೆ ಐದನೇ ಮಹಡಿಯವರು ಬಾಗಿಲು ತೆರೆದರೆಂದು ಆಮೇಲೆ ತಿಳಿಯಿತು. ಹೋಗಿ ಅಣ್ಣನ ಭುಜ ಹಿಡಿದು ಅಲುಗಿಸಿ, ಗಟ್ಟಿಯಿದೆಯೆಂದು ಖಾತ್ರಿಯಾದ ಮೇಲೆ ಅದಕ್ಕೇ ಎರಡು ಗುದ್ದು ಗುದ್ದಿ ಅಳತೊಡಗಿದರು.

ವಿಷಯ ಬಿಡಿಸಿ ಹೇಳುವುದಕ್ಕೆ ಕಾಲು ಗಂಟೆ ಹಿಡಿಯಿತು. ಕೊನೆಗೂ ಎಲ್ಲರಿಗೂ ತಿಳಿದಾಗ ಹಜಾರದಲ್ಲಿ ಒಂದು ಬಗೆಯ ನಿರಾಶೆ ಹರಡಿತು. “ಕುರ್ಚಿ ಎಲ್ಲಾ ಹಾಕಿಸಿಬಿಟ್ಟಿದೀವಲ್ಲ,” ಎಂದು ಕಾರ್ಯದರ್ಶಿ ಗೊಣಗಿದರು. ‘ಆರೋಪಿ ನಗುನಗುತ್ತ ಒಪ್ಪಿಕೊಂಡಿರುತ್ತಾರೆ’ ಎಂದು ಬರೆದಿದ್ದ ಹಾಳೆಯನ್ನು ಪೊಲೀಸಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಹರಿದರು.

ಬದುಕಿದ್ದಕ್ಕೆ ಮಾವನವರು ಹೆಚ್ಚು ಸಂಭ್ರಮಪಡಲಿಲ್ಲ. ಅವರ ಕಿವಿಯಲ್ಲಿ ಬೇರೊಂದು ಮಾತು ಉಳಿದಿತ್ತು.

“ಅಳಿಯಂದ್ರೇ, ಇಲ್ಲಿರೋದನ್ನ ಅಳಿಸಿದೆ ಅಂದ್ರಲ್ಲ. ನನ್ನ ಬೋರ್ಡುಗಳು?”

“ಮೇಲೆ ಭದ್ರವಾಗಿವೆ ಮಾವ. ಈಗಲೇ ತೋರಿಸ್ತೀನಿ.”

ಫೋನು ಅಷ್ಟರಲ್ಲಿ ಎಚ್ಚರವಾಗಿತ್ತು, ತೆರೆಯಹೋದರೆ ನಾಲ್ಕನೇ ನಂಬರಿನ ಆ್ಯಪ್ ಪಾಸ್‌ವರ್ಡ್ ಕೇಳಿತು. ಪರಿಶೀಲನೆಯವರು ಬೆರಳೆತ್ತಿದರು. ಬೆರಳು ಹಾಗೇ ನಿಂತಿತು. ಕಳ್ಳಕಾಕರು ಊಹಿಸಬಾರದೆಂದು ಇಪ್ಪತ್ತೇಳು ಅಕ್ಷರದ ಪಾಸ್‌ವರ್ಡ್ ಕಟ್ಟಿದ್ದರು. ಮರೆಯಬಾರದೆಂದು ಅದನ್ನು ಚೀಟಿಯಲ್ಲಿ ಬರೆದಿದ್ದರು. ಚೀಟಿ ಯಾರ ಕೈಗೂ ಸಿಗಬಾರದೆಂದು ಅದರ ಫೋಟೋ ತೆಗೆದು ಚೀಟಿಯನ್ನು ಸುಟ್ಟಿದ್ದರು. ಫೋಟೋ ಯಾರೂ ಹುಡುಕದ ಜಾಗದಲ್ಲಿರಲೆಂದು ‘ಮಾವನವರು’ ಕಡತದೊಳಗೆ ಇಟ್ಟಿದ್ದರು.

“ಅಂದರೆ ಪೆಟ್ಟಿಗೆ ಬೀಗದ ಕೈ ಪೆಟ್ಟಿಗೆ ಒಳಗೇ ಇದೆ,” ಎಂದರು ಪೊಲೀಸಪ್ಪ.

ಮಾವನವರು ಕೈಯಲ್ಲಿದ್ದ ಕನ್ನಡಕವನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಒಂಬತ್ತು ವರ್ಷ ಬಿಸಿಲಲ್ಲಿ ಸುತ್ತಿದ ಮನುಷ್ಯ. ಅದನ್ನು ನೋಡಲಾರದೆ ಪರಿಶೀಲನೆಯವರು ಫೋನನ್ನು ಒತ್ತುತ್ತ ಹೋದರು. ಪಾಸ್‌ವರ್ಡ್ ಮರೆತವರಿಗೆಂದು ಒಂದು ದಾರಿಯಿತ್ತು. ಮೊದಲೇ ಆರಿಸಿಕೊಂಡ ಪ್ರಶ್ನೆಗೆ ಮೊದಲೇ ಕೊಟ್ಟ ಉತ್ತರ ಬರೆಯಬೇಕು. ಐದು ಅವಕಾಶ. ಐದೂ ತಪ್ಪಿದರೆ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ.

“ಉತ್ತರ ನೆನಪಿದೆ!” ಎಂದು ಪರಿಶೀಲನೆಯವರು ಕೂಗಿದರು. “ಧರ್ಮಪತ್ನಿ ಅಂತ ಬರೆದಿದ್ದೆ!”

ಹಜಾರ ಉಸಿರುಬಿಟ್ಟಿತು. ಅಕ್ಷರದ ವಿಷಯವಾದ್ದರಿಂದ ಮಾವನವರೇ ಫೋನು ತೆಗೆದುಕೊಂಡು ‘ಧರ್ಮಪತ್ನಿ’ ಎಂದು ಬರೆದರು. ತಪ್ಪು ಎಂದಿತು ಫೋನು. ಇನ್ನು ನಾಲ್ಕು.

ಮಾವನವರ ಮುಖ ಕೆಂಪಾಯಿತು. “ಸರಿಯಾಗಿರೋದನ್ನ ತಪ್ಪು ಅನ್ನುತ್ತಲ್ಲ ಇದು!”

“ಮಾವ,” ಎಂದರು ಪರಿಶೀಲನೆಯವರು ನೆಲ ನೋಡುತ್ತ, “ನಾನು ಸರಿಯಾಗಿ ಬರೆದಿರಲಿಕ್ಕಿಲ್ಲ.”

ಹೀಗೆ ಇಪ್ಪತ್ತೆರಡು ವರ್ಷದ ಗುಟ್ಟು ಹೊರಬಿತ್ತು. ಪರಿಶೀಲನೆಯವರಿಗೆ ಮಹಾಪ್ರಾಣ ಎಲ್ಲಿ ಹಾಕಬೇಕು ಎಲ್ಲಿ ಬಿಡಬೇಕೆಂಬುದು ಯಾವತ್ತೂ ತಿಳಿದಿರಲಿಲ್ಲ. ಕಚೇರಿಯಲ್ಲಿ ಬರೆಯುತ್ತಿದ್ದ ಒಂದೇ ಪದದಲ್ಲಿ ಮಹಾಪ್ರಾಣವೇ ಇರಲಿಲ್ಲವಾದ್ದರಿಂದ ಇಷ್ಟು ಕಾಲ ಬಚಾವಾಗಿದ್ದರು.

“ಒಂದು ಹಾಳೆ ಮೇಲೆ ಬರೀರಿ. ಯೋಚಿಸಬೇಡಿ, ಬರೀರಿ,” ಎಂದರು ಮಾವನವರು. ಪರಿಶೀಲನೆಯವರು ಮೂರು ಸಲ ಬರೆದರು. ಮೂರೂ ಮೂರು ಥರ.

“ಅಳಿಯಂದ್ರೇ! ತಪ್ಪು ಮಾಡಿ, ಬೇಡ ಅನ್ನಲ್ಲ. ಆದರೆ ಒಂದೇ ಥರ ಮಾಡಿ!”

ನಲವತ್ತು ಜನ ತಮತಮಗೆ ತೋಚಿದ್ದನ್ನು ಸೂಚಿಸಿದರು. ಕಾರ್ಯದರ್ಶಿಯ ‘ದರ್ಮಪತ್ನಿ’ಗೆ ಒಂದು ಅವಕಾಶ ಹೋಯಿತು. ಪೊಲೀಸಪ್ಪನ ‘ಧರ್ಮಪತ್ನೀ’ಗೆ ಇನ್ನೊಂದು. ಸೋದರತ್ತೆ ಯಾರನ್ನೂ ಕೇಳದೆ ಫೋನು ಕಸಿದುಕೊಂಡು ತಾವು ಬರೆಯುವಂತೆ ‘ದರುಮಪತ್ನಿ’ ಎಂದು ಬರೆದು ಒತ್ತಿಯೇಬಿಟ್ಟರು. ಇನ್ನು ಒಂದು.

ಆಗ ಮೆಟ್ಟಿಲ ಮೇಲೆ ಓಡಿಬರುವ ಸದ್ದಾಯಿತು. ಪರೀಕ್ಷೆ ಮುಗಿಸಿ ಫೋನು ಹಚ್ಚಿ ಸಂದೇಶ ಓದಿದ ಹೆಂಡತಿ, ಲಿಫ್ಟಿಗೂ ಕಾಯದೆ, ಕೂದಲು ಕೆದರಿ, ಕಣ್ಣು ಊದಿಸಿಕೊಂಡು ಬಾಗಿಲಲ್ಲಿ ಬಂದು ನಿಂತರು. ಸಾಲು ಕುರ್ಚಿ, ಹಾರ, ಪೊಲೀಸು. ನಡುವೆ ಅಪ್ಪ, ಫೋನಿನ ಮೇಲೆ ಬಾಗಿದ್ದಾರೆ.

“ಅಪ್ಪಾ!”

“ಸ್ವಲ್ಪ ತಡಿ ಮಗಳೇ,” ಎಂದರು ಮಾವನವರು ತಲೆಯೆತ್ತದೆ. “ಒಂದೇ ಅವಕಾಶ ಉಳಿದಿದೆ.”

ಆಕೆ ಗೋಡೆಗೆ ಒರಗಿ ಹಾಗೇ ನೆಲದ ಮೇಲೆ ಕೂತುಬಿಟ್ಟರು. ಪರಿಶೀಲನೆಯವರು ನೀರು ತಂದುಕೊಟ್ಟರು. ಆಕೆ ನೀರನ್ನು ಕುಡಿದು ಲೋಟವನ್ನು ಅವರತ್ತ ಎಸೆದರು. ತಾಗಲಿಲ್ಲ.

“ಇದನ್ನ ಬರೆಯುವಾಗ ನಿಮ್ಮ ಮನಸ್ಸಲ್ಲಿ ಏನಿತ್ತು?” ಎಂದು ಮಾವನವರು ಅಳಿಯನನ್ನು ಕೇಳಿದರು, ವೈದ್ಯರು ಕೇಳುವ ಹಾಗೆ. “ಪ್ರಶ್ನೆ ಏನಿತ್ತು?”

ಪರಿಶೀಲನೆಯವರು ಒಮ್ಮೆ ಹೆಂಡತಿಯನ್ನು, ಒಮ್ಮೆ ನಲವತ್ತು ಜನರನ್ನು ನೋಡಿದರು. “ನಿಮ್ಮ ಬಾಳಿನಲ್ಲಿ ಎಲ್ಲಕ್ಕಿಂತ ಅಮೂಲ್ಯವಾದದ್ದು ಯಾವುದು, ಅಂತ.”

ಹಾರ ಹಿಡಿದಿದ್ದ ಹೆಂಗಸು ಮೂಗು ಒರೆಸಿಕೊಂಡಳು.

ಮಾವನವರು ಕಣ್ಣು ಮುಚ್ಚಿ ಯೋಚಿಸಿದರು. ನಲವತ್ತು ವರ್ಷ ಇತರರ ತಪ್ಪುಗಳ ನಡುವೆ ಬದುಕಿದವರು, ತಪ್ಪಿಗೂ ಒಂದು ಮನಸ್ಸಿರುತ್ತದೆಂದು ಬಲ್ಲವರು.

“ಅಸಡ್ಡೆ ಇದ್ದ ಕಡೆ ಮನುಷ್ಯ ಉಸಿರು ಬಿಟ್ಟುಬಿಡ್ತಾನೆ,” ಎಂದರು ನಿಧಾನವಾಗಿ. “ಭಯಭಕ್ತಿ ಇದ್ದ ಕಡೆ ಎಲ್ಲದಕ್ಕೂ ಉಸಿರು ಹಾಕ್ತಾನೆ. ಎಷ್ಟು ಅಕ್ಷರಕ್ಕೆ ಹಾಕಕ್ಕಾಗುತ್ತೋ ಅಷ್ಟಕ್ಕೂ.”

ಅವರು ‘ಧ’ ಬರೆದರು. ಅದು ಸರಿಯೇ ಇತ್ತು, ಅಭ್ಯಾಸದ ಕೈ ನಡುಗಲಿಲ್ಲ. ‘ಫ’ ಬರೆಯುವಾಗ ಹಣೆ ಬೆವರಿತು. ‘ಥ್ನಿ’ಗೆ ಬಂದಾಗ ಮುಖ ಆ ಕಡೆ ತಿರುಗಿಸಿಕೊಂಡರು. ಜೀವಮಾನದಲ್ಲಿ ಬೇಕೆಂದೇ ಬರೆದ ಮೊದಲ ತಪ್ಪು: ‘ಧರ್ಮಫಥ್ನಿ’.

ತೆರೆಯಿತು. ಸಾವಿರದ ಇನ್ನೂರು ಬೋರ್ಡುಗಳೂ ಸಾಲುಸಾಲಾಗಿ ಇಳಿದು ಬಂದವು. ಜನ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ಈ ಸಂದರ್ಭಕ್ಕಾದರೂ ಕುರ್ಚಿ ಬಳಕೆಯಾಯಿತೆಂದು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಹಾರ ಬಾಡುವುದಕ್ಕೆ ಮೊದಲು ಯಾರಿಗಾದರೂ ಹಾಕಬೇಕೆಂದು ಹೊಸ ಬಾಡಿಗೆಯ ಹೆಂಗಸು ಅದನ್ನು ಮಾವನವರ ಕೊರಳಿಗೇ ಹಾಕಿದಳು. ಅವರು ಬೇಡವೆನ್ನಲಿಲ್ಲ.

“ಮೊದಲು ಆ ಉತ್ತರವನ್ನ ತಿದ್ದಬೇಕು,” ಎಂದು ಮಾವನವರು ಮತ್ತೆ ಫೋನಿಗೆ ಬೆರಳಿಟ್ಟರು. “ಹೀಗೆ ಇಟ್ಟುಕೊಂಡರೆ ನನಗೆ ನಿದ್ದೆ ಬರಲ್ಲ.”

ಹೆಂಡತಿ ನೆಲದಿಂದ ಎದ್ದು ಬಂದು ಫೋನನ್ನು ಅವರ ಕೈಯಿಂದ ತೆಗೆದುಕೊಂಡರು. ಆ ಪದವನ್ನು ಸ್ವಲ್ಪ ಹೊತ್ತು ನೋಡಿದರು. ಟೀಚರ ಮುಖ ಮಾಡಲು ಪ್ರಯತ್ನಿಸಿದರು, ಆಗಲಿಲ್ಲ.

“ಬೇಡಪ್ಪಾ, ಹಾಗೇ ಇರಲಿ,” ಎಂದರು. “ಸರಿಯಾಗಿ ಬರೆದುಬಿಟ್ಟರೆ ಯಾರು ಬೇಕಾದರೂ ತೆಗೆದುಬಿಡ್ತಾರೆ.”

ಅಲ್ಲಿದ್ದ ನಲವತ್ತು ಜನಕ್ಕೂ ಆ ಕಾಗುಣಿತ ಅಷ್ಟರಲ್ಲಿ ಬಾಯಿಪಾಠವಾಗಿತ್ತು. ಆದರೆ ಅದನ್ನು ಎತ್ತಿ ಆಡುವಷ್ಟು ಒರಟರು ಅವರಲ್ಲಿ ಒಬ್ಬರೂ ಇರಲಿಲ್ಲ.